1965ರ ಟೀಸ್ಕೋ ಅಂತ ಮಾರಾಟಕ್ಕಿದ್ದ ಗಿಟಾರ್: ಒಂದು ಪ್ರಕರಣ ಅಧ್ಯಯನ

ಮಾರೋರು ಹಾಕಿದ್ದ ವಿವರ ಇಷ್ಟೇ: 1965ರ ಟೀಸ್ಕೋ, ನಾಲ್ಕು ಪಿಕಪ್, ಲಾಸೂಟ್ ಗಿಟಾರ್, ಹೌಂಡ್ ಡಾಗ್ ಟೇಲರ್ ನುಡಿಸ್ತಿದ್ದಂಥದ್ದೇ, ಎಲ್ಲಾ ಒರಿಜಿನಲ್. (ಟೀಸ್ಕೋ ಜಪಾನಿನ ಗಿಟಾರ್ ಕಂಪನಿ, ಪಿಕಪ್ ಅಂದ್ರೆ ತಂತಿಯ ಕಂಪನನ ವಿದ್ಯುತ್ ಸಿಗ್ನಲ್ ಮಾಡೋ ಭಾಗ, ಲಾಸೂಟ್ ಅಂದ್ರೆ ನಕಲು ಅಂತ ಕೋರ್ಟ್ ಕೇಸ್ ಬಿದ್ದ ಗಿಟಾರ್ ಅನ್ನೋ ಅರ್ಥ, ಟೇಲರ್ ಶಿಕಾಗೋದ ಗಿಟಾರ್ ವಾದಕ.) ಜೊತೆಗೆ ಮಸುಕು ಮಸುಕಾದ ಒಂದಷ್ಟು ಫೋಟೋ. ಹೆಡ್‌ಸ್ಟಾಕ್ (ತಂತಿ ಬಿಗಿಯೋ ಕೀಗಳಿರೋ ತುದಿ) ಮೇಲೆ ಬ್ರ್ಯಾಂಡ್ ಹೆಸರೇ ಇಲ್ಲ, ಬ್ಯಾಡ್ಜ್ ಕಿತ್ತುಹೋಗಿ ಎರಡು ಸಣ್ಣ ತೂತು ಮಾತ್ರ ಉಳಿದಿದೆ. ಶಿಕಾಗೋ ಹತ್ರ ಕೆಲಸದಲ್ಲಿರೋ ನಮ್ಮ ದಾವಣಗೆರೆ ಕಡೆ ಫ್ರೆಂಡ್ ಒಬ್ಬ ಇದನ್ನ ಕಳಿಸಿ, ತಗೊಳ್ಳಲಾ ಬೇಡ್ವಾ, ಮೊದ್ಲು ಇದೇನು ಅಂತ ಹೇಳು ಅಂದ. ಅವನಿಗೆ ಸ್ಲೈಡ್, ಅಂದ್ರೆ ತಂತಿ ಮೇಲೆ ಗಾಜಿನ ಇಲ್ಲಾ ಲೋಹದ ಕೊಳವೆ ಜಾರಿಸಿ ನುಡಿಸೋ ಹುಚ್ಚು, ನನಗೆ ಅರವತ್ತರ ದಶಕದ ಜಪಾನ್ ಗಿಟಾರ್‌ಗಳನ್ನ ಗುರುತಿಸೋ ಹುಚ್ಚು, ಹಾಗಾಗಿ ಬೆಂಗಳೂರಲ್ಲಿ ಕೂತು ವಿಡಿಯೋ ಕಾಲ್‌ನಲ್ಲೇ ಈ ಕೇಸ್ ಹಿಡ್ಕೊಂಡ್ವಿ. ಇಂಥ ಗಿಟಾರ್ ಮುಂದೆ ಬಂದಾಗ ಯಾವುದನ್ನ ಸಾಕ್ಷಿ ಅಂತ ತಗೋಬೇಕು, ಯಾವುದನ್ನ ತಗೋಬಾರ್ದು ಅನ್ನೋದು ಇದೊಂದ್ರಲ್ಲೇ ಚೆನ್ನಾಗಿ ಕಾಣತ್ತೆ, ಅದಕ್ಕೇ ಪೂರ್ತಿ ಬರೀತಿದೀನಿ.

ಮೊದ್ಲು ಹಿನ್ನೆಲೆ ಸ್ವಲ್ಪ ಬೇಕು, ಇಲ್ಲದಿದ್ರೆ ಹೆಸರಿಲ್ಲದ ಗಿಟಾರ್ ಯಾಕೆ ಇಷ್ಟು ತಲೆನೋವು ಅಂತ ಅರ್ಥ ಆಗಲ್ಲ. 1965ರ ಜನವರಿಯಲ್ಲಿ ದಿ ವೆಂಚರ್ಸ್ ಬ್ಯಾಂಡ್ ಜಪಾನ್‌ಗೆ ಟೂರ್ ಹೋದ್ಮೇಲೆ ಅಲ್ಲಿ ಹುಡುಗರೆಲ್ಲ ಎಲೆಕ್ಟ್ರಿಕ್ ಗಿಟಾರ್ ಹಿಂದೆ ಬಿದ್ರು, ಜಪಾನಿನವರು ಅದನ್ನ ಎಲೆಕಿ ಬೂಮ್ ಅಂತಲೇ ಕರೀತಾರೆ. ಅದಕ್ಕೂ ಒಂದು ವರ್ಷ ಮೊದ್ಲು, 1964ರ ಫೆಬ್ರವರಿಯಲ್ಲಿ ಬೀಟಲ್ಸ್ ಅಮೆರಿಕದ ಟಿವಿಯಲ್ಲಿ ಬಂದಿದ್ರು, ಅಲ್ಲೂ ಪ್ರತಿ ಮನೇಲೂ ಒಬ್ಬ ಹುಡುಗನಿಗೆ ಗಿಟಾರ್ ಬೇಕಾಯ್ತು, ಆದ್ರೆ ಫೆಂಡರ್ ಗಿಬ್ಸನ್ ಕೊಡಿಸೋವಷ್ಟು ದುಡ್ಡು ಎಲ್ಲಾ ಅಪ್ಪಂದಿರ ಹತ್ರ ಇರ್ಲಿಲ್ಲ. ಆಗ ಒಂದು ಡಾಲರ್‌ಗೆ 360 ಯೆನ್, 1949ರಿಂದ 1971ರ ತನಕ ಆ ದರ ಫಿಕ್ಸ್ ಆಗಿತ್ತು, ಅಂದ್ರೆ ಜಪಾನಲ್ಲಿ 9,000 ಯೆನ್‌ಗೆ ಫ್ಯಾಕ್ಟರಿ ಬಿಟ್ಟ ಗಿಟಾರ್ ಅಮೆರಿಕದ ಇಂಪೋರ್ಟರ್‌ಗೆ 25 ಡಾಲರ್‌ಗೆ ಸಿಗತ್ತೆ. ಹಾಗಾಗಿ ಹಡಗುಗಟ್ಟಲೆ ಬಂತು. ಟೋಕಿಯೋದಲ್ಲಿ ಟೀಸ್ಕೋ, ಗುಯಾಟೋನ್. ಹಮಾಮತ್ಸುನಲ್ಲಿ ಕವಾಯ್, ಯಮಹಾ. ಮತ್ಸುಮೊತೊನಲ್ಲಿ ಫುಜಿಗೆನ್, ಮತ್ಸುಮೋಕು. ಇವಲ್ಲದೆ ಹೊಲಿಗೆ ಮಷಿನ್ ಕ್ಯಾಬಿನೆಟ್ ಮಾಡೋರು, ಪಿಟೀಲು ಮಾಡೋರು, ಹೀಗೆ ಮರಗೆಲಸ ಗೊತ್ತಿದ್ದ ಎಷ್ಟೋ ಜನ ಈ ಧಂದೆಗೆ ಇಳಿದ್ರು.

ಇದ್ರಲ್ಲಿ ತೊಡಕಿರೋದು ಎಲ್ಲಿ ಅಂದ್ರೆ, ಹೆಡ್‌ಸ್ಟಾಕ್ ಮೇಲಿರೋ ಹೆಸರು ಮಾಡಿದವರದ್ದಲ್ಲ, ಮಾರಿದವರದ್ದು. ಕೆಂಟ್, ಕಿಂಗ್‌ಸ್ಟನ್, ನೋರ್ಮಾ, ಹೈಟ್ ಡೀಲಕ್ಸ್, ಕಾನ್‌ರಾಡ್, ಡಾಮಿನೋ, ಸಿಯರ್ಸ್‌ನವರ ಸಿಲ್ವರ್‌ಟೋನ್, ಇನ್ನೂ ನೂರೆಂಟು. ಒಂದೇ ಫ್ಯಾಕ್ಟರಿ ಹಲವಾರು ಹೆಸರಲ್ಲಿ ಕಳಿಸ್ತಿತ್ತು, ಒಬ್ಬನೇ ಇಂಪೋರ್ಟರ್ ಒಂದೇ ಹೆಸರಲ್ಲಿ ಹಲವು ಫ್ಯಾಕ್ಟರಿ ಮಾಲು ಮಾರ್ತಿದ್ದ. ಕೆಂಟ್ ಅಂತ ಬರೆದಿರೋ ಎರಡು ಗಿಟಾರ್ ಪಕ್ಕಪಕ್ಕ ಇಟ್ರೆ ಒಂದು ಗುಯಾಟೋನ್‌ದು ಇನ್ನೊಂದು ಟೀಸ್ಕೋದು ಇರಬಹುದು. ಇಂಗ್ಲೆಂಡಲ್ಲೂ ಇದೇ ಕಥೆ, ದಿ ಶ್ಯಾಡೋಸ್ ಬ್ಯಾಂಡ್‌ನ ಹ್ಯಾಂಕ್ ಮಾರ್ವಿನ್ ಆರಂಭದಲ್ಲಿ ನುಡಿಸ್ತಿದ್ದ ಆಂಟೋರಿಯಾ ಗಿಟಾರ್ ಮಾಡಿದ್ದು ಗುಯಾಟೋನ್. ಹಾಗಾಗಿ ನಮ್ಮ ಗಿಟಾರಲ್ಲಿ ಬ್ಯಾಡ್ಜ್ ಇಲ್ಲ ಅನ್ನೋದು ನನಗೇನು ದೊಡ್ಡ ನಷ್ಟ ಅನ್ನಿಸಲಿಲ್ಲ, ಇದ್ದಿದ್ರೂ ಅದು ಅಂಗಡಿ ಹೆಸರು ಹೇಳ್ತಿತ್ತು ಅಷ್ಟೇ.

ಮಾರೋರ ಮಾತುಗಳಲ್ಲಿ ಮೊದ್ಲು ಬಿದ್ದುಹೋಗಿದ್ದು ಲಾಸೂಟ್. ಇದಕ್ಕೆ ಎರಡು ನಿಮಿಷವೂ ಬೇಡ. ನಿಜವಾದ ಕೇಸ್ ಒಂದೇ ಒಂದು, 1977ರ ಜೂನ್‌ನಲ್ಲಿ ಗಿಬ್ಸನ್‌ನ ಒಡೆತನ ಇದ್ದ ನಾರ್ಲಿನ್ ಕಂಪನಿ, ಐಬನೇಜ್ ಗಿಟಾರ್‌ಗಳನ್ನ ಅಮೆರಿಕದಲ್ಲಿ ಮಾರ್ತಿದ್ದ ಎಲ್ಗರ್ ಕಂಪನಿ ಮೇಲೆ ಫಿಲಡೆಲ್ಫಿಯಾದ ಫೆಡರಲ್ ಕೋರ್ಟಲ್ಲಿ ಹಾಕಿದ್ದು, ಅದೂ ಹೆಡ್‌ಸ್ಟಾಕ್ ಆಕಾರದ ವಿಷಯಕ್ಕೆ, ಆಮೇಲೆ 1978ರಲ್ಲಿ ಕೋರ್ಟ್ ಹೊರಗೇ ರಾಜಿ ಆಯ್ತು. ಗಿಬ್ಸನ್ ನಕಲಿನ ಮೇಲಿನ ಜಗಳ ಅದು. ನಮ್ಮ ಮುಂದಿರೋದು ಯಾವ ಅಮೆರಿಕನ್ ಗಿಟಾರ್‌ನ ನಕಲೂ ಅಲ್ಲದ, ಕೊಂಬೆರಡೂ ಒಂದೊಂದು ದಿಕ್ಕಿಗೆ ಚಾಚಿರೋ, ಜಪಾನ್‌ನಲ್ಲಿ ಈಗ ಬಿಜಾರ್ ಗಿಟಾರ್ ಅಂತ ಪ್ರೀತಿಯಿಂದ ಕರೆಯೋ ಜಾತಿದು. ಇದಕ್ಕೂ ಆ ಕೇಸಿಗೂ ಹತ್ತು ವರ್ಷದ ಅಂತರ. ಆದ್ರೂ ಬೆಲೆ ಏರಿಸೋಕೆ ಎಲ್ಲದಕ್ಕೂ ಈ ಪದ ಅಂಟಿಸ್ತಾರೆ, ನೋಡಿದ ತಕ್ಷಣ ಅದನ್ನ ಬೆಲೆಯಿಂದ ಕಳೆದುಬಿಡಿ.

ಮುಂದಿನ ಪ್ರಶ್ನೆ, ಇದು ಜಪಾನ್‌ದೇನಾ? ಕೇಳೋಕೆ ಪೆದ್ದು ಪ್ರಶ್ನೆ ಅನ್ಸತ್ತೆ ಆದ್ರೆ ಕೇಳಲೇಬೇಕು, ಯಾಕಂದ್ರೆ ಅದೇ ಕಾಲದಲ್ಲಿ ಇಟಲಿಯಿಂದ ಏಕೋ ಕಂಪನಿ ಥರದವರೂ ನಾಲ್ಕು ಪಿಕಪ್, ರಾಶಿ ಸ್ವಿಚ್ ಇರೋ ಗಿಟಾರ್ ಅಮೆರಿಕಕ್ಕೆ ಕಳಿಸ್ತಿದ್ರು, ಝೀರೋ ಫ್ರೆಟ್ (ಗಿಟಾರ್ ಕತ್ತಿನ ಮೇಲ್ತುದಿಯಲ್ಲಿ ತಂತಿ ಕೂರೋ ಹೆಚ್ಚುವರಿ ಲೋಹದ ಪಟ್ಟಿ) ಇಟಲಿಯಲ್ಲೂ ಇದೆ ಜರ್ಮನಿಯಲ್ಲೂ ಇದೆ ಜಪಾನಲ್ಲೂ ಇದೆ, ಮೆಟ್ರಿಕ್ ಸ್ಕ್ರೂ ಇದ್ರೆ ಅಮೆರಿಕದ್ದಲ್ಲ ಅಂತ ಹೇಳಬಹುದು ಅಷ್ಟೇ, ಇಟಲಿಯದ್ದಲ್ಲ ಅಂತ ಹೇಳಕ್ಕಾಗಲ್ಲ. ಫ್ರೆಂಡ್‌ಗೆ ಅಂಗಡಿಗೇ ಹೋಗು, ಹಿಂದಗಡೆ ನೆಕ್ ಪ್ಲೇಟ್, ಅಂದ್ರೆ ಗಿಟಾರ್ ಕತ್ತನ್ನ ಬಾಡಿಗೆ ಬಿಗಿಯೋ ತಗಡು, ಹತ್ರದಿಂದ ತೋರ್ಸು ಅಂದೆ. ನಾಲ್ಕು ಸ್ಕ್ರೂ ಪ್ಲೇಟ್ ಮೇಲೆ ಸ್ಟೀಲ್ ರೀಇನ್‌ಫೋರ್ಸ್ಡ್ ನೆಕ್, ಕೆಳಗೆ ಮೇಡ್ ಇನ್ ಜಪಾನ್. ದೇಶದ ಪ್ರಶ್ನೆ ಮುಗೀತು. ಆದ್ರೆ ಮಾರೋರು ಈ ಪ್ಲೇಟ್ ತೋರಿಸೇ ಇದು ಟೀಸ್ಕೋ ಅಂತ ಖಾತ್ರಿ ಮಾಡ್ತಿದ್ರು, ಅದು ಆಗಲ್ಲ. ಆ ಬರಹ ಇರೋ ಪ್ಲೇಟ್ ಒಂದಕ್ಕಿಂತ ಹೆಚ್ಚು ಫ್ಯಾಕ್ಟರಿಯವರು ಹಾಕಿದಾರೆ. ಇದೇ ಜಾಗದಲ್ಲಿ ಸ್ಟೀಲ್ ಅಡ್ಜಸ್ಟಬಲ್ ನೆಕ್ ಅಂತ ಇದ್ದಿದ್ರೆ ಮತ್ಸುಮೋಕು ಕಡೆ ನೋಡ್ತಿದ್ದೆ. ಒಂದು ಪದದ ವ್ಯತ್ಯಾಸ, ಊರೇ ಬೇರೆ.

ಈಗ ಮುಖ್ಯ ವಿಷಯ, ಟೀಸ್ಕೋನಾ ಅಲ್ವಾ.

ಟೀಸ್ಕೋ ಶುರುವಾಗಿದ್ದು 1946ರಲ್ಲಿ, ಅಟ್ಸುವೊ ಕನೆಕೊ ಅನ್ನೋ ಹವಾಯಿಯನ್ ಗಿಟಾರ್ ವಾದಕರು ಮತ್ತೆ ದೋರ್ಯು ಮತ್ಸುದ ಅನ್ನೋ ಎಲೆಕ್ಟ್ರಿಕಲ್ ಎಂಜಿನಿಯರ್ ಸೇರಿ ಮಾಡಿದ್ದು. ಅಮೆರಿಕದಲ್ಲಿ ಟೀಸ್ಕೋ ಡೆಲ್ ರೇ ಅಂತ ಮಾರಿದ್ದೇ ಇವರಿಗೆ ದೊಡ್ಡ ಹೆಸರು ತಂದಿದ್ದು, ಎಷ್ಟು ದೊಡ್ಡದು ಅಂದ್ರೆ ಇವತ್ತಿಗೂ ಅರವತ್ತರ ದಶಕದ ಯಾವ ವಿಚಿತ್ರ ಜಪಾನ್ ಗಿಟಾರ್ ಸಿಕ್ರೂ ಜನ ಟೀಸ್ಕೋ ಅಂದುಬಿಡ್ತಾರೆ. ಹೌಂಡ್ ಡಾಗ್ ಟೇಲರ್ ವಿಷಯದಲ್ಲಿ ಆಗಿದ್ದೂ ಅದೇ. ಮಿಸಿಸಿಪ್ಪಿಯ ನಾಚೆಜ್‌ನಿಂದ ಬಂದು ಶಿಕಾಗೋದ ಸೌತ್ ಸೈಡ್‌ನಲ್ಲಿ ಸ್ಲೈಡ್ ನುಡಿಸ್ತಿದ್ದ ಆರು ಬೆರಳಿನ ಮನುಷ್ಯ, 1971ರಲ್ಲಿ ಬ್ರೂಸ್ ಇಗ್ಲಾವರ್ ಅನ್ನೋ ಯುವಕ ಬರೀ ಇವರನ್ನ ರೆಕಾರ್ಡ್ ಮಾಡ್ಬೇಕು ಅಂತಲೇ ಅಲಿಗೇಟರ್ ರೆಕಾರ್ಡ್ಸ್ ಶುರು ಮಾಡಿದ್ದು, ಬ್ಯಾಂಡಲ್ಲಿ ಬಾಸ್ ಗಿಟಾರೇ ಇಲ್ಲ, ಎರಡು ಗಿಟಾರ್ ಒಂದು ಡ್ರಮ್, ಅಗ್ಗದ ಜಪಾನ್ ಗಿಟಾರ್, ಆ್ಯಂಪ್ ಒಡೆದು ಹೋಗೋ ಹಾಗೆ ಸೌಂಡ್. ಬರೆಯೋರೆಲ್ಲ ಅದನ್ನ ಟೀಸ್ಕೋ ಅಂತ ಬರೀತಾರೆ, ಆದ್ರೆ ಅವರ ಆ ನಾಲ್ಕು ಪಿಕಪ್ ಗಿಟಾರ್ ಕವಾಯ್ ಮಾಡಿದ್ದು, ಕಿಂಗ್‌ಸ್ಟನ್ ಹೆಸರಲ್ಲಿ ಮಾರಿದ್ದು ಅಂತ ಈ ಜಾತಿ ಗಿಟಾರ್ ಕಲೆಕ್ಟ್ ಮಾಡೋರು ಗುರುತಿಸ್ತಾರೆ. ಅಂದ್ರೆ ನಮ್ಮ ಮಾರೋರು ಒಂದೇ ಸಾಲಲ್ಲಿ ಟೀಸ್ಕೋ ಅಂತಲೂ ಹೇಳಿ ಹೌಂಡ್ ಡಾಗ್ ಟೇಲರ್‌ದು ಥರದ್ದು ಅಂತಲೂ ಹೇಳಿದಾಗ ಎರಡರಲ್ಲಿ ಒಂದು ಸುಳ್ಳಾಗಲೇಬೇಕಿತ್ತು.

ನಾಲ್ಕು ಪಿಕಪ್ ಅನ್ನೋದೇ ಸಾಕ್ಷಿ ಅಲ್ಲ. ಟೀಸ್ಕೋದಲ್ಲೂ ಎಸ್‌ಎಸ್-4ಎಲ್, ಡಬ್ಲ್ಯುಜಿ-4ಎಲ್ ಅಂತ ನಾಲ್ಕು ಪಿಕಪ್ ಮಾಡೆಲ್‌ಗಳಿದ್ವು. ಪಿಕಪ್ ಎಷ್ಟು ಅನ್ನೋದಲ್ಲ, ಎಂಥದು ಅನ್ನೋದು ನೋಡ್ಬೇಕು. ಟೀಸ್ಕೋ ಅಂದ ತಕ್ಷಣ ಎಲ್ಲರೂ ಹುಡುಕೋದು ಗೋಲ್ಡ್ ಫಾಯಿಲ್, ಲೋಹದ ಕವರ್‌ನಲ್ಲಿ ಕಿಟಕಿ ಥರ ಕತ್ತರಿಸಿ ಒಳಗೆ ಚಿನ್ನದ ಬಣ್ಣದ ಹಾಳೆ ಕಾಣೋದು. (ಗೋಲ್ಡ್ ಫಾಯಿಲ್ ಅಂದ್ರೂ ಎಲ್ಲಾ ಟೀಸ್ಕೋ ಅಲ್ಲ, ಗುಯಾಟೋನ್‌ದೂ ಇದೆ, ಅಮೆರಿಕದ ಡಿಆರ್ಮಂಡ್ ಅಂತೂ ಪೂರ್ತಿ ಬೇರೆ ಸಾಮಾನು.) ಫ್ರೆಂಡ್ ಮೊಬೈಲ್ ಹತ್ರ ಹಿಡಿದಾಗ ಕಂಡಿದ್ದು ಬೇರೆ: ಮುಚ್ಚಿದ ಕ್ರೋಮ್ ಕವರ್, ನಡುವೆ ಉದ್ದಕ್ಕೂ ಉಬ್ಬಿರೋ ಒಂದು ಏಣು, ರಸ್ತೆ ಹಂಪ್ ಇದ್ದಹಾಗೆ, ಕಲೆಕ್ಟರ್‌ಗಳು ಅದನ್ನ ಸ್ಪೀಡ್ ಬಂಪ್ ಪಿಕಪ್ ಅಂತಲೇ ಕರೆಯೋದು. ಅದು ಕವಾಯ್ ಗುರುತು. ನಾಲ್ಕೂ ಅದೇ ಥರ. ಬಾಡಿ ಮೇಲೆ ಗೀರು ಬೀಳದ ಹಾಗೆ ಹಾಕೋ ಪಿಕ್‌ಗಾರ್ಡ್ ಪ್ಲಾಸ್ಟಿಕ್‌ದು, ಅರವತ್ತರ ಮಧ್ಯಭಾಗದ ಎಷ್ಟೋ ಟೀಸ್ಕೋಗಳಲ್ಲಿ ಕಾಣೋ ಗೆರೆಗೆರೆ ಲೋಹದ್ದಲ್ಲ. ಹೆಡ್‌ಸ್ಟಾಕಲ್ಲಿ ಆರೂ ಕೀ ಒಂದೇ ಕಡೆ, ಆ ಕಾಲದ ಟೀಸ್ಕೋದಲ್ಲಿ ಬರೋ ನಾಲ್ಕು ಒಂದು ಕಡೆ ಎರಡು ಇನ್ನೊಂದು ಕಡೆ ಅನ್ನೋ ಜೋಡಣೆ ಅಲ್ಲ. ಇಷ್ಟಾದ್ಮೇಲೆ ಕವಾಯ್ ಅಂತ ಹೇಳೋಕೆ ನನಗೆ ಹಿಂಜರಿಕೆ ಇರಲಿಲ್ಲ.

ಒಂದೇ ಒಂದು ಅಡ್ಡ ಬಂತು. ಟ್ರೆಮೊಲೊ ಟೇಲ್‌ಪೀಸ್ (ತಂತಿಗಳ ಕೆಳತುದಿ ಹಿಡಿದಿರೋ, ಕಡ್ಡಿ ಒತ್ತಿ ಸ್ವರ ಅಲುಗಾಡಿಸೋ ಲೋಹದ ಭಾಗ) ನೋಡಿದ್ರೆ ಟೀಸ್ಕೋ ಗಿಟಾರ್‌ಗಳಲ್ಲಿ ಇರೋ ಮಾದರಿ. ಇದಕ್ಕೆ ಮೂರು ವಿವರಣೆ ಸಾಧ್ಯ. ಯಾರೋ ಆಮೇಲೆ ಬದಲಾಯಿಸಿರಬೇಕು, ಅಥವಾ ಎರಡೂ ಕಂಪನಿಗೆ ಒಬ್ಬನೇ ಸಪ್ಲೈಯರ್ ಕೊಟ್ಟಿರಬೇಕು, ಇಲ್ಲಾ ಎರಡೂ ಕಂಪನಿ ಒಂದಾದ ಮೇಲೆ ಈ ಗಿಟಾರ್ ತಯಾರಾಗಿರಬೇಕು. ಮೂರನೇದು ಯಾಕೆ ತಲೆಗೆ ಬಂತು ಅಂದ್ರೆ 1967ರಲ್ಲಿ ಕವಾಯ್, ಟೀಸ್ಕೋನ ಕೊಂಡ್ಕೊಳ್ತು. ಕವಾಯ್ ಮೂಲತಃ ಪಿಯಾನೋ ಕಂಪನಿ, 1927ರಲ್ಲಿ ಕೊಯಿಚಿ ಕವಾಯ್ ಅವರು ಹಮಾಮತ್ಸುನಲ್ಲಿ ಶುರು ಮಾಡಿದ್ದು, ದುಡ್ಡಿನ ಬಲ ಇತ್ತು, ಟೀಸ್ಕೋ ಬ್ರ್ಯಾಂಡ್ ಹೆಸರನ್ನ ಆಮೇಲೂ ಇಟ್ಕೊಂಡ್ರು. ಹಾಗಾಗಿ 1967ರ ನಂತರದ ಗಿಟಾರ್‌ಗಳಲ್ಲಿ ಎರಡೂ ಮನೆ ಸಾಮಾನು ಬೆರೆತಿರೋದು ಸಹಜ.

ಇದನ್ನ ತೀರ್ಮಾನ ಮಾಡ್ಬೇಕು ಅಂದ್ರೆ ಟೇಲ್‌ಪೀಸ್ ಬಿಚ್ಚಲೇಬೇಕು, ಅಂಗಡಿಯವರು ಒಪ್ಪಿದ್ರು, ಅದೇ ದೊಡ್ಡ ವಿಷಯ. ಇಲ್ಲೊಂದು ಮಾತು ಹೇಳ್ಬೇಕು, ಜಪಾನ್‌ನ ಹಳೇ ಸ್ಕ್ರೂಗಳು ನೋಡೋಕೆ ಫಿಲಿಪ್ಸ್ ಥರ ಇದ್ರೂ ಜೆಐಎಸ್ ಅನ್ನೋ ಅವರದೇ ಅಳತೆ, ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದ್ರೆ ಜಾರಿ ತಲೆ ಕಿತ್ತೋಗತ್ತೆ, ಅರವತ್ತು ವರ್ಷ ಹಳೇ ಸ್ಕ್ರೂ ತಲೆ ಹಾಳಾದ್ರೆ ಅದೇ ಥರದ್ದು ಇನ್ನೊಂದು ಸಿಗಲ್ಲ, ಜೆಐಎಸ್ ಡ್ರೈವರ್ ದುಬಾರಿ ಏನಲ್ಲ, ಈ ಹವ್ಯಾಸಕ್ಕೆ ಇಳಿಯೋರು ಮೊದ್ಲು ತಗೋಬೇಕಾದ ಸಾಮಾನು ಅದೇ. ಫ್ರೆಂಡ್ ಹತ್ರ ಇತ್ತು. ತಂತಿ ಸಡಿಲ ಮಾಡಿ ಟೇಲ್‌ಪೀಸ್ ಎತ್ತಿದಾಗ ಕೆಳಗೆ ಬಣ್ಣ ಗಾಢವಾಗಿ, ಹೊಸದರ ಹಾಗೆ, ಟೇಲ್‌ಪೀಸ್ ಆಕಾರದಲ್ಲೇ ಉಳಿದಿತ್ತು. ಸುತ್ತ ಇರೋ ಸನ್‌ಬರ್ಸ್ಟ್ ಕೆಂಪು ಬಿಸಿಲಿಗೆ ಮಾಸಿ ಕಂದು ಆಗಿದೆ, ಕೆಳಗಡೆದು ಮಾತ್ರ ಚೆರ್ರಿ ಕೆಂಪು. ಬೇರೆ ಆಕಾರದ ನೆರಳಿಲ್ಲ, ಮುಚ್ಚಿದ ತೂತಿಲ್ಲ, ಹಳೇ ಸ್ಕ್ರೂ ತೂತೊಳಗೆ ಹಲ್ಲುಕಡ್ಡಿ ತುರುಕಿಲ್ಲ. ಅಂದ್ರೆ ಮೊದಲ ದಿನದಿಂದ ಇದೇ ಟೇಲ್‌ಪೀಸ್. ಬದಲಾಯಿಸಿದ್ದಾರೆ ಅನ್ನೋ ವಿವರಣೆ ಹೋಯ್ತು. ಇನ್ನುಳಿದ ಎರಡರಲ್ಲಿ ಸಪ್ಲೈಯರ್ ವಾದವನ್ನ ಪೂರ್ತಿ ತಳ್ಳಿಹಾಕೋಕೆ ಆಗಲ್ಲ, ಆದ್ರೆ ನನ್ನ ಒಲವು 1967ರ ನಂತರ ಅನ್ನೋ ಕಡೆಗೇ.

ಹಾಗಾದ್ರೆ ಮಾರೋರಿಗೆ 1965 ಎಲ್ಲಿಂದ ಸಿಕ್ತು? ಇದಕ್ಕೆ ಉತ್ತರ ನೆಕ್ ಬಿಚ್ಚಿದಾಗ ಸಿಕ್ತು, ಈ ಕೇಸಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದು. ನೆಕ್‌ನ ಹಿಮ್ಮಡಿ ಮೇಲೆ ನೀಲಿ ಇಂಕಲ್ಲಿ 65 ಅಂತ ಸೀಲು. ನೋಡಿದ ಯಾರಿಗಾದ್ರೂ ವರ್ಷ ಅನ್ಸತ್ತೆ. ಆದ್ರೆ ಬಾಡಿ ಕಡೆ ಕುಳಿಯಲ್ಲೂ ಟಾರ್ಚ್ ಹಾಕಿ ನೋಡು ಅಂದೆ, ಅಲ್ಲೂ ಅದೇ 65, ಅದೇ ಇಂಕು. ತಿಂಗಳಿಲ್ಲ, ದಿನ ಇಲ್ಲ, ಎರಡೂ ತುಂಡಿನ ಮೇಲೆ ಒಂದೇ ಸಂಖ್ಯೆ. ಇದು ಈ ನೆಕ್ ಈ ಬಾಡಿಗೆ ಅಂತ ಜೋಡಿ ಮಾಡೋಕೆ ಹಾಕಿರೋ ಸಂಖ್ಯೆ, ಕುಳಿಗೆ ನೆಕ್ ಕೈಯಲ್ಲೇ ಉಜ್ಜಿ ಕೂರಿಸ್ತಿದ್ದ ಕಾಲದಲ್ಲಿ ಆಮೇಲೆ ಪೇಂಟಿಂಗ್‌ಗೆ ಬೇರೆ ಬೇರೆ ಹೋಗಿ ಬಂದಾಗ ಜೋಡಿ ತಪ್ಪಬಾರ್ದಲ್ಲ. ಇಲ್ಲಿ 65 ಇದ್ದ ಹಾಗೆ ಇದ್ರ ಪಕ್ಕದಲ್ಲಿದ್ದ ಗಿಟಾರಲ್ಲಿ 64, 66 ಇದ್ದಿರತ್ತೆ. ಅಲ್ಲೇ ಕುಳಿಯಲ್ಲಿ ಇನ್ನೊಂದು ಸಾಮಾನು ಸಿಕ್ತು, ಅಮೆರಿಕದ ಬೆಂಕಿಪೊಟ್ಟಣದ ರಟ್ಟು ಮಡಚಿ ನೆಕ್ ಕೋನ ಎತ್ತೋಕೆ ಇಟ್ಟಿದ್ದಾರೆ. ಅಂದ್ರೆ ಅಮೆರಿಕಕ್ಕೆ ಬಂದ ಮೇಲೆ ಯಾರೋ ಈ ನೆಕ್ ಬಿಚ್ಚಿದಾರೆ, ಬಿಚ್ಚಿದವರು 65 ನೋಡಿದಾರೆ, ಅದು ಬಾಯಿಂದ ಬಾಯಿಗೆ ವರ್ಷವಾಗಿ ಬಂದಿದೆ. ಸಂಖ್ಯೆಯ ಕಥೆ ತಪ್ಪಾದ್ರೂ ಅದ್ರಿಂದ ಒಂದು ಒಳ್ಳೇದಾಯ್ತು, ನೆಕ್ಕು ಬಾಡಿ ಎರಡೂ ಒಂದೇ ಗಿಟಾರ್‌ದು ಅಂತ ಖಾತ್ರಿ ಆಯ್ತು, ಬೆಲೆಗೆ ಅದು ವರ್ಷಕ್ಕಿಂತ ಮುಖ್ಯ.

ವರ್ಷಕ್ಕೆ ಬೇರೆ ದಾರಿ ಇರಲಿಲ್ವಾ ಅಂತ ಕೇಳ್ತೀರ. ಅಮೆರಿಕದ ಗಿಟಾರ್ ಆಗಿದ್ರೆ ವಾಲ್ಯೂಮ್ ಪಾಟ್ (ಸೌಂಡ್ ಹೆಚ್ಚುಕಮ್ಮಿ ಮಾಡೋ ಕಂಟ್ರೋಲ್) ಹಿಂದೆ ತಯಾರಕರ ಕೋಡು, ವರ್ಷ, ವಾರ ಎಲ್ಲಾ ಒತ್ತಿರ್ತಾರೆ, ಓದಿಬಿಡಬಹುದು. ಆ ಕಾಲದ ಜಪಾನ್ ಪಾಟ್‌ಗಳಲ್ಲಿ ಆ ಪದ್ಧತಿ ಇಲ್ಲ. ಸೀರಿಯಲ್ ನಂಬರ್ ಇಲ್ಲ. ಹಾಗಾಗಿ ಕೆಳಗಿನ ಗಡಿ ಟೇಲ್‌ಪೀಸ್‌ನಿಂದ, ಮೇಲಿನ ಗಡಿ ಮಾರ್ಕೆಟ್‌ನಿಂದ: ಅರವತ್ತರ ಕೊನೆ ಹೊತ್ತಿಗೆ ಎರಡೂ ದೇಶದಲ್ಲಿ ಬೂಮ್ ಇಳಿದು ಎಷ್ಟೋ ಕಂಪನಿ ಮುಚ್ಚಿಹೋದ್ವು, ಎಪ್ಪತ್ತರ ದಶಕ ಶುರುವಾಗ್ತಿದ್ದಂಗೆ ಎಲ್ಲರೂ ಗಿಬ್ಸನ್‌ನ ಲೆಸ್ ಪಾಲ್, ಫೆಂಡರ್‌ನ ಸ್ಟ್ರಾಟೋಕಾಸ್ಟರ್ ನಕಲಿಗೆ ತಿರುಗಿದ್ರು, ಈ ಸ್ವಂತ ಆಕಾರಗಳು ನಿಂತೇಹೋದ್ವು. ಹಾಗಾಗಿ 1967ರಿಂದ 1969. ಫ್ರೆಂಡ್‌ಗೆ ಒಂದೇ ವರ್ಷ ಬೇಕಿತ್ತು, 1968 ಅಂತ ಹೇಳಿಬಿಡ್ಲಾ ಅಂದ. ಬೇಡ ಅಂದೆ, ಸಾಕ್ಷಿ ಎಲ್ಲಿಗೆ ನಿಲ್ಲತ್ತೋ ಅಲ್ಲಿಗೇ ನಾವೂ ನಿಲ್ಬೇಕು, ಇಲ್ಲಾಂದ್ರೆ 65 ಅಂತ ಮಾರಿದವರಿಗೂ ನಮಗೂ ಏನು ವ್ಯತ್ಯಾಸ.

ಕೊಳ್ಳೋ ಮೊದ್ಲು ಉಳಿದಿದ್ದು ಎರಡು ಪರೀಕ್ಷೆ. ಒಂದು ನೆಕ್ ನೆಟ್ಟಗಿದ್ಯಾ ಅನ್ನೋದು, ಇದು ಸೀರಿಯಸ್, ಯಾಕಂದ್ರೆ ಸ್ಟೀಲ್ ರೀಇನ್‌ಫೋರ್ಸ್ಡ್ ಅಂದ್ರೆ ಸಾಮಾನ್ಯವಾಗಿ ಒಳಗೆ ಕಬ್ಬಿಣದ ಪಟ್ಟಿ ಇದೆ ಅಷ್ಟೇ, ತಿರುಗಿಸಿ ಸರಿ ಮಾಡೋ ಟ್ರಸ್ ರಾಡ್ ಅಲ್ಲ. ಬಾಗಿದ್ರೆ ಬಾಗಿದ ಹಾಗೇ, ಇಲ್ಲಾ ಹೀಟ್ ಪ್ರೆಸ್ ಮಾಡೋ ರಿಪೇರಿಯವರನ್ನ ಹುಡುಕ್ಬೇಕು. ನೆಕ್ ವಾಪಸ್ ಕೂರಿಸಿ ತಂತಿ ಬಿಗಿದು, ದಪ್ಪ ತಂತಿನ ಮೊದಲ ಫ್ರೆಟ್‌ನಲ್ಲೂ ಕೊನೇ ಫ್ರೆಟ್‌ನಲ್ಲೂ ಒತ್ತಿ ಹಿಡಿದು ಏಳನೇ ಫ್ರೆಟ್ ಹತ್ರ ಸಂದು ಎಷ್ಟು ನೋಡೋದು, ಒಂದು ವಿಸಿಟಿಂಗ್ ಕಾರ್ಡ್ ತೂರಿದ್ರೆ ಆರಾಮ. ಕಾರ್ಡ್ ತೂರಿ ಸ್ವಲ್ಪ ಜಾಗ ಉಳೀತು. ಸ್ಲೈಡ್ ನುಡಿಸೋನಿಗೆ ಅದು ತೊಂದರೇನೇ ಅಲ್ಲ.

ಇನ್ನೊಂದು ಎಲೆಕ್ಟ್ರಿಕಲ್. ಒಳಗೆ ಏನೂ ಬಿಚ್ಚದೆ ಇದನ್ನ ಮಾಡಬಹುದು: ಗಿಟಾರ್‌ಗೆ ಕೇಬಲ್ ಚುಚ್ಚಿ, ಕೇಬಲ್‌ನ ಇನ್ನೊಂದು ತುದಿಗೆ ಮಲ್ಟಿಮೀಟರ್ ಹಿಡಿದು, ವಾಲ್ಯೂಮ್ ಫುಲ್ ಇಟ್ಟು, ಒಂದೊಂದೇ ಪಿಕಪ್ ಸ್ವಿಚ್ ಆನ್ ಮಾಡ್ತಾ ಹೋಗೋದು. ಮೂರು ಪಿಕಪ್ ಕೆಲವು ಕಿಲೋ ಓಮ್ ತೋರಿಸಿದ್ವು, ಒಂದಕ್ಕೊಂದು ಹತ್ರ ಹತ್ರ. ಬಾಡಿ ಮೇಲೆ ತಂತಿ ಕೂರೋ ಬ್ರಿಡ್ಜ್‌ನಿಂದ ಎರಡನೇದು ಮಾತ್ರ ಐದು ಲಕ್ಷ ಓಮ್ ಹತ್ರ ಹೋಯ್ತು. ಫ್ರೆಂಡ್ ಅದನ್ನ ನೋಡಿ ಇದು ಸಿಕ್ಕಾಪಟ್ಟೆ ಪವರ್‌ಫುಲ್ ಪಿಕಪ್ಪಾ ಅಂದ. ಅಲ್ಲ, ಅದು ಸತ್ತಿದೆ. ಸುರುಳಿ ಎಲ್ಲೋ ತುಂಡಾಗಿದೆ, ಹಾಗಾಗಿ ಮೀಟರ್‌ಗೆ ಕಾಣ್ತಿರೋದು ಪಿಕಪ್ ಅಲ್ಲ, ಹಿಂದೆ ಇರೋ ವಾಲ್ಯೂಮ್ ಪಾಟ್‌ನ ರೆಸಿಸ್ಟೆನ್ಸ್. ಕೂದಲಿಗಿಂತ ತೆಳು ತಾಮ್ರದ ತಂತಿ ಅದು, ವರ್ಷಗಟ್ಟಲೆ ತೇವಕ್ಕೆ ಹಸಿರುಗಟ್ಟಿ ಬೆಸುಗೆ ಹತ್ರ ತುಂಡಾಗೋದು ಹಳೇ ಪಿಕಪ್‌ಗಳಲ್ಲಿ ಮಾಮೂಲಿ, ರೀವೈಂಡ್ (ಹೊಸ ತಂತಿ ಸುತ್ತೋದು) ಮಾಡಿಸಬಹುದು. ಇನ್ನೂ ಒಂದು ವಿಷಯ ಅಲ್ಲೇ ತೋರಿಸ್ದೆ, ಕೆಲಸ ಮಾಡೋ ಮೂರೂ ಒಟ್ಟಿಗೆ ಆನ್ ಮಾಡಿದ್ರೆ ಮೀಟರ್ ಒಂದರ ಮೂರನೇ ಒಂದು ಭಾಗಕ್ಕೆ ಇಳಿಯತ್ತೆ, ಎಲ್ಲಾ ಪ್ಯಾರಲಲ್ ವೈರಿಂಗ್. ಅದಕ್ಕೇ ಇಂಥ ಗಿಟಾರಲ್ಲಿ ಎಲ್ಲಾ ಸ್ವಿಚ್ ಹಾಕಿದ್ರೆ ಸೌಂಡ್ ಜೋರಾಗೋ ಬದ್ಲು ತೆಳ್ಳಗಾಗತ್ತೆ. ಕ್ಯಾಟಲಾಗ್‌ನಲ್ಲಿ ನಾಲ್ಕು ಪಿಕಪ್ ಚೆನ್ನಾಗಿ ಕಾಣ್ತಿತ್ತು, ನಿಜವಾಗಿ ಮಜಾ ಇರೋದು ಒಂದು ಅಥವಾ ಎರಡರಲ್ಲಿ.

ಪಿಕ್‌ಗಾರ್ಡ್ ಎತ್ತಿ ನೋಡಿದಾಗ ಬೆಸುಗೆಗಳೆಲ್ಲ ಒಂದೇ ಬಣ್ಣಕ್ಕೆ ಮಂಕಾಗಿದ್ವು, ಕೇಬಲ್ ಚುಚ್ಚೋ ಜ್ಯಾಕ್ ಹತ್ರ ಒಂದು ಮಾತ್ರ ಹೊಳೀತಿತ್ತು, ವೈರೂ ಬೇರೆ. ಜ್ಯಾಕ್ ಬದಲಾಗಿದೆ. ಹೀಗೆ ಎಲ್ಲಾ ಒರಿಜಿನಲ್ ಅನ್ನೋದರ ಲೆಕ್ಕ: ಜ್ಯಾಕ್ ಹೊಸದು, ಬ್ಯಾಡ್ಜ್ ಇಲ್ಲ, ಟ್ರೆಮೊಲೊ ಕಡ್ಡಿ ಇಲ್ಲ, ಒಂದು ಪಿಕಪ್ ಸತ್ತಿದೆ, ಬಾಕಿ ಎಲ್ಲಾ ಫ್ಯಾಕ್ಟರಿಯಿಂದ ಬಂದಿದ್ದೇ. ಈ ವಯಸ್ಸಿನ ಅಗ್ಗದ ಗಿಟಾರ್‌ಗೆ ಇದು ಒಳ್ಳೇ ಸ್ಥಿತಿ, ಮಾರೋರಿಗೆ ಇಷ್ಟನ್ನೂ ಮರ್ಯಾದೆಯಿಂದ ತೋರಿಸಿದಾಗ ಬೆಲೆ ಇಳಿಸಿದ್ರು, ಟೀಸ್ಕೋ 1965 ಅನ್ನೋ ಬೆಲೆ ಹೋಗಿ ಪಿಕಪ್ ರಿಪೇರಿ ಬೇಕಾದ ಕವಾಯ್ ಅನ್ನೋ ಬೆಲೆಗೆ ಬಂತು. ಫ್ರೆಂಡ್ ತಗೊಂಡ.

ಇಲ್ಲಿಗೆ ಗುರುತಿಸೋ ಕೆಲಸ ಮುಗೀತು, ಕಲೆಕ್ಟ್ ಮಾಡೋ ಕೆಲಸ ಶುರು, ಮತ್ತೆ ನಮ್ಮಿಬ್ಬರ ಜಗಳನೂ ಶುರು. ಅವನು ಆನ್‌ಲೈನಲ್ಲಿ ಟೀಸ್ಕೋ ಡೆಲ್ ರೇ ಬ್ಯಾಡ್ಜ್‌ನ ಹೊಸ ನಕಲು ಸಿಗತ್ತೆ, ತರಿಸಿ ಆ ಎರಡು ತೂತಿಗೆ ಹಾಕ್ತೀನಿ, ಖಾಲಿ ಹೆಡ್‌ಸ್ಟಾಕ್ ನೋಡೋಕಾಗಲ್ಲ ಅಂದ. ನಾನು ಖಡಾಖಂಡಿತ ಬೇಡ ಅಂದೆ. ಇವತ್ತು ಅವನಿಗೆ ಗೊತ್ತು ಇದು ಕವಾಯ್ ಅಂತ, ನಾಳೆ ಅವನು ಮಾರಿದ ಮೇಲೆ, ಇನ್ನೊಬ್ಬರು ಇನ್ನೊಬ್ಬರಿಗೆ ಮಾರಿದ ಮೇಲೆ, ಬ್ಯಾಡ್ಜ್ ಮಾತ್ರ ಮಾತಾಡತ್ತೆ. ಬೆಂಕಿಪೊಟ್ಟಣದ ರಟ್ಟು ಇಟ್ಟ ಮನುಷ್ಯ ಯಾರಿಗೂ ಮೋಸ ಮಾಡ್ಬೇಕು ಅಂತ ಮಾಡಿರಲ್ಲ, ಆದ್ರೂ 65 ಅನ್ನೋ ವದಂತಿ ಎಷ್ಟು ದೂರ ಬಂತು ನೋಡಿ. ಹೆಡ್‌ಸ್ಟಾಕ್ ಲ್ಯಾಕರ್ ಮೇಲೆ ಹಳೇ ಬ್ಯಾಡ್ಜ್‌ನ ನೆರಳು ತೆಳ್ಳಗೆ ಇದೆ, ಅದೇ ಒಂದಿನ ಯಾರಾದ್ರೂ ಸರಿಯಾದ ಹೆಸರು ಕಂಡುಹಿಡಿಯೋಕೆ ಉಳಿದಿರೋ ದಾರಿ, ಅದ್ರ ಮೇಲೆ ನಕಲು ಕೂರಿಸಿದ್ರೆ ಆ ದಾರಿನೂ ಮುಚ್ಚತ್ತೆ. ಅಡ್ಡ ಬೆಳಕಲ್ಲಿ ಸ್ಕೇಲ್ ಇಟ್ಟು ಆ ನೆರಳಿನ ಫೋಟೋ ತೆಗೆಸಿದೀನಿ.

ಎರಡನೇ ಜಗಳ ಪಿಕಪ್‌ದು. ರಿಪೇರಿಯವರೊಬ್ಬರು ಸತ್ತ ಪಿಕಪ್ ಎಸೆದು ಅಲ್ಲಿ ಒಂದು ಗೋಲ್ಡ್ ಫಾಯಿಲ್ ಹಾಕೋಣ, ಸ್ಲೈಡ್‌ಗೆ ಅದೇ ಬೆಸ್ಟ್ ಅಂದ್ರಂತೆ. ಸ್ಲೈಡ್‌ಗೆ ಹೆಸರಾದ ಗಿಟಾರ್ ವಾದಕ ರೈ ಕೂಡರ್ ಅವರು ತಮ್ಮ ಸ್ಟ್ರಾಟೋಕಾಸ್ಟರ್‌ಗೆ ಟೀಸ್ಕೋ ಗೋಲ್ಡ್ ಫಾಯಿಲ್ ಹಾಕ್ಕೊಂಡ ಮೇಲೆ ಆ ಪಿಕಪ್‌ಗಳಿಗೆ ಎಲ್ಲಿಲ್ಲದ ಡಿಮ್ಯಾಂಡ್, ಸೌಂಡ್ ನಿಜಕ್ಕೂ ಸೊಗಸು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಒಂದು ಪಿಕಪ್ ಎಲ್ಲಿಂದ ಬರತ್ತೆ ಯೋಚಿಸಿ, ಯಾವುದೋ ಒಂದು ಪೂರ್ತಿ ಗಿಟಾರ್‌ನ ಬಿಚ್ಚಿ ಪಿಕಪ್ ಬೇರೆ, ಟೇಲ್‌ಪೀಸ್ ಬೇರೆ, ಕೀ ಬೇರೆ ಅಂತ ಮಾರಿರ್ತಾರೆ, ಉಳಿದ ಮರದ ತುಂಡು ಕಸಕ್ಕೆ. ಫೆಂಡರ್‌ಗೆ ಕಂಪನಿ ದಾಖಲೆ ಇದೆ, ಪುಸ್ತಕಗಳಿವೆ. ಹೆಸರಿಲ್ಲದ ಈ ಜಪಾನ್ ಗಿಟಾರ್‌ಗಳಿಗೆ ಪೂರ್ತಿಯಾಗಿ ಉಳಿದಿರೋ ಗಿಟಾರ್‌ಗಳೇ ದಾಖಲೆ. ನಾವು ಟೇಲ್‌ಪೀಸ್ ಕೆಳಗಿನ ಬಣ್ಣ ನೋಡಿ ತೀರ್ಮಾನಕ್ಕೆ ಬಂದಿದ್ದು ಹೇಗೆ? ಯಾರೂ ಅದನ್ನ ಕಿತ್ತು ಮಾರಿರಲಿಲ್ಲ, ಅದಕ್ಕೆ. ಕೊನೆಗೆ ಅವನು ಒಪ್ಪಿ ಅದೇ ಪಿಕಪ್ ರೀವೈಂಡ್‌ಗೆ ಕೊಟ್ಟ, ಕವರ್ರೂ ಮ್ಯಾಗ್ನೆಟ್ಟೂ ಹಳೇದೇ ಇರ್ಲಿ, ತಂತಿ ಮಾತ್ರ ಹೊಸದು ಅಂತ ಹೇಳಿ.

ಭಾರತಕ್ಕೆ ತರೋ ಆಸೆ ಅವನಿಗಿದೆ, ಅದಕ್ಕೊಂದು ಮಾಹಿತಿ. ಫಿಂಗರ್‌ಬೋರ್ಡ್ ರೋಸ್‌ವುಡ್, ನಮ್ಮ ಬೀಟೆ ಮರದ ಕುಲದ್ದೇ, ಆ ಇಡೀ ಕುಲ 2017ರಲ್ಲಿ ಸೈಟಿಸ್ (ಅಪಾಯದಲ್ಲಿರೋ ಪ್ರಾಣಿ-ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿ ಗಿಟಾರ್ ಗಡಿ ದಾಟಿಸೋಕೆ ಪೇಪರ್ ಬೇಕಾಗ್ತಿತ್ತು, ಪೂರ್ತಿ ತಯಾರಾಗಿರೋ ವಾದ್ಯಗಳಿಗೆ, ಹಳೇದಾಗ್ಲಿ ಹೊಸದಾಗ್ಲಿ, 2019ರ ನವೆಂಬರ್‌ನಿಂದ ಅದ್ರಿಂದ ವಿನಾಯಿತಿ ಸಿಕ್ಕಿದೆ, ಬ್ರೆಜಿಲ್ ರೋಸ್‌ವುಡ್‌ಗೆ ಮಾತ್ರ ಇಲ್ಲ.

ಈಗ ಆ ಗಿಟಾರ್ ಕೇಸ್ ಒಳಗೆ ಒಂದು ಕವರ್ ಇದೆ. ಬೆಂಕಿಪೊಟ್ಟಣದ ರಟ್ಟು ಅದ್ರಲ್ಲೇ ಇದೆ, ನೆಕ್‌ಗೆ ಮರದ ತೆಳು ಚಕ್ಕೆ ಹಾಕಿದ್ದಾಗಿದೆ. ಜೊತೆಗೆ ಒಂದು ಹಾಳೆ, ನಾನು ಹೇಳಿದ್ದು ಅವನು ಬರೆದಿದ್ದು: ಮಾಡಿದವರು ಕವಾಯ್, ಪಿಕಪ್ ಆಧಾರದ ಮೇಲೆ ಖಚಿತ. ಕಾಲ 1967ರಿಂದ 1969, ಟೇಲ್‌ಪೀಸ್ ಆಧಾರದ ಮೇಲೆ ಹೆಚ್ಚಾಗಿ. ಮಾರಿದ ಬ್ರ್ಯಾಂಡ್ ತಿಳಿದಿಲ್ಲ. 65 ಅನ್ನೋದು ಜೋಡಣೆ ಸಂಖ್ಯೆ, ವರ್ಷ ಅಲ್ಲ. ಜ್ಯಾಕ್ ಬದಲಾಗಿದೆ, ಬ್ರಿಡ್ಜ್‌ನಿಂದ ಎರಡನೇ ಪಿಕಪ್ ರೀವೈಂಡ್ ಆಗಿದೆ. ಟ್ರೆಮೊಲೊ ಕಡ್ಡಿ ಇನ್ನೂ ಹುಡುಕ್ತಿದೀವಿ, ಮೆಟ್ರಿಕ್ ಥ್ರೆಡ್, ಅಳತೆ ತೆಗೆದಿಟ್ಟಿದೀವಿ.